ಬೆಕ್ಕು ಇಲಿಗಳ ಪುರಾಣ

ಮಕ್ಕಳು ನೋಡುವ ಕಾರ್ಟೂನುಗಳನ್ನು ಕುರಿತು ಮಠದಲ್ಲಿ ಓದಿ ಬೆಳೆದವನೊಬ್ಬನು ಲೇಖನಿ ಹಿಡಿಯುವುದು ಓದುಗ ಬಂಧುಗಳಲ್ಲಿ ಕೆಲವರಿಗೆ ವಿಚಿತ್ರವೆಂದು ತೋರಬಹುದು. ಆದರೆ ಪ್ರವಚನಕ್ಕೆಂದು ಊರೂರು ತಿರುಗುವ ನನಗೆ ಈಚೆಗೆ ತಾಯಂದಿರಿಂದ ಹೆಚ್ಚಾಗಿ ಬರುವ ಪ್ರಶ್ನೆ ಪೂಜೆಯದೂ ಅಲ್ಲ, ವ್ರತದ್ದೂ ಅಲ್ಲ, ಇದರದೇ. ಹೋದ ಶ್ರಾವಣದಲ್ಲಿ ಲಿಂಗಸುಗೂರಿನಲ್ಲಿ ಪ್ರವಚನ ಮುಗಿಸಿ ವೇದಿಕೆಯಿಂದ ಇಳಿಯುತ್ತಿದ್ದಾಗ ತಾಯಿಯೊಬ್ಬಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದು, "ಅಪ್ಪಾರೆ, ಆ ಬೆಕ್ಕು ಇಲಿ ಹಚ್ಚಲಿಲ್ಲಂದ್ರ ಇವ ಒಂದು ತುತ್ತು ಉಣ್ಣಂಗಿಲ್ರಿ. ಅದನ್ನ ನೋಡಬಾರ್ದಂತ ನಾಳೆ ಪ್ರವಚನದಾಗ ಒಂದು ಮಾತು ಹೇಳ್ರಿ" ಎಂದು ಬೇಡಿಕೊಂಡಳು. ಹಾಗೆ ಹೇಳಲು ನನ್ನಿಂದಾಗಲಿಲ್ಲ. ಏಕೆಂದರೆ ಆ ಬೆಕ್ಕು ಇಲಿಗಳನ್ನು ಸುಮಾರು ಮೂವತ್ತು ವರ್ಷಗಳಿಂದ ನಾನೂ ನೋಡುತ್ತ ಬಂದವನು. ಉಣ್ಣುವ ಹೊತ್ತಿನಲ್ಲಿ ಹಚ್ಚಬೇಡ ತಾಯಿ, ಉಂಡಾದ ಮೇಲೆ ನೀನೂ ಪಕ್ಕದಲ್ಲಿ ಕುಳಿತು ನೋಡು ಎಂದಷ್ಟೇ ಹೇಳಿ ಕಳಿಸಿದೆ. ಅಲ್ಲಿ ನಿಂತು ಹೇಳಲಾಗದ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಿಂಧನೂರಿನ ಮನೆಗೆ ಮೊದಲು ಬಂದದ್ದು ಮೋಗ್ಲಿ. 1993ರಲ್ಲಿ ರವಿವಾರ ಮುಂಜಾನೆ ದೂರದರ್ಶನದಲ್ಲಿ 'ಜಂಗಲ್ ಬುಕ್' ಬರುತ್ತಿತ್ತು. ಕಿಪ್ಲಿಂಗನ ಕಥೆ, 1989ರಲ್ಲಿ ಚಿತ್ರಿಸಿದವರು ಜಪಾನಿನವರು, ಮಾತು ಹಿಂದಿ, ಹಾಡು ಗುಲ್ಜಾರರದು, ರಾಗ ವಿಶಾಲ್ ಭಾರದ್ವಾಜರದು. ಹಿಂದಿ ಅರ್ಧಂಬರ್ಧ ತಿಳಿದರೂ ಓಣಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು. ಕರೆಂಟು ಹೋದರೆ ಅಳುತ್ತಿದ್ದರು. ತೋಳವೆಂದರೆ ಕುರಿ ಹೊತ್ತೊಯ್ಯುವ ಪ್ರಾಣಿಯೆಂದಷ್ಟೇ ಕೇಳಿದ್ದ ನಮ್ಮ ಬಯಲುಸೀಮೆಯ ಮಕ್ಕಳಿಗೆ ಅದು ಕೂಸನ್ನು ಸಾಕುವ ತಾಯಿಯೂ ಆಗಬಲ್ಲದೆಂದು ತೋರಿಸಿದ್ದು ಆ ಕಥೆ. ಅದನ್ನು ಕುರಿತು ಬೇರೆಯಾಗಿಯೇ ಬರೆಯಬೇಕು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಎಂಬ ವಾಹಿನಿ ಭಾರತಕ್ಕೆ ಬಂದಿತು. ಕೆಲಕಾಲದ ನಂತರ ಕೇಬಲ್ಲಿನವನು ನಮ್ಮ ಓಣಿಗೂ ತಂತಿ ಎಳೆದನು. ಆ ತಂತಿಯ ಹಿಂದೆಯೇ ಟಾಮ್ ಎಂಬ ಬೆಕ್ಕೂ ಜೆರಿ ಎಂಬ ಇಲಿಯೂ ಮನೆ ಹೊಕ್ಕವು. ಅಂದು ನನ್ನ ಮಗನು ನೋಡಿದನು; ಇಂದು ಅವನ ಮಕ್ಕಳು ಮೊಬೈಲಿನಲ್ಲಿ ನೋಡುತ್ತಿದ್ದಾರೆ. ನೋಡುವ ಪೆಟ್ಟಿಗೆ ಚಿಕ್ಕದಾಯಿತೇ ಹೊರತು ಬೆಕ್ಕು ಇಲಿಗಳಿಗೆ ಮುಪ್ಪು ಬರಲಿಲ್ಲ.

ಇವು ಮೂಲತಃ ದೂರದರ್ಶನಕ್ಕಾಗಿ ಹುಟ್ಟಿದವಲ್ಲ, ಮಕ್ಕಳಿಗಾಗಿಯೇ ಹುಟ್ಟಿದವೂ ಅಲ್ಲ. 1940ರಲ್ಲಿ ಅಮೆರಿಕದ ಎಂ.ಜಿ.ಎಂ. ಸಂಸ್ಥೆಯಲ್ಲಿ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಇಬ್ಬರು, ಚಿತ್ರಮಂದಿರಗಳಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ತೋರಿಸಲೆಂದು ಮಾಡಿದ ಏಳೆಂಟು ನಿಮಿಷಗಳ ಕಿರುಚಿತ್ರಗಳಿವು. ಮೊದಲ ಚಿತ್ರದಲ್ಲಿ ಬೆಕ್ಕಿನ ಹೆಸರು ಟಾಮ್ ಆಗಿರಲಿಲ್ಲ, ಜಾಸ್ಪರ್ ಎಂದಿತ್ತು. 1958ರವರೆಗೆ ಆ ಇಬ್ಬರೇ 114 ಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಇವುಗಳ ಮುಖ್ಯ ಗುಣವೆಂದರೆ ಮೌನ. ಬೆಕ್ಕು ಇಲಿಗಳು ಮಾತಾಡುವುದು ಬಲು ಅಪರೂಪ. ಸ್ಕಾಟ್ ಬ್ರಾಡ್ಲಿ ಎಂಬ ಸಂಗೀತಗಾರನ ವಾದ್ಯಗಳೇ ಅವುಗಳ ಪರವಾಗಿ ಮಾತಾಡುತ್ತವೆ. ನಮ್ಮ ಸಿಂಧನೂರಿನಂಥ ತಾಲ್ಲೂಕಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಮಕ್ಕಳು, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ತೆಲುಗು ಮಕ್ಕಳು, ಉರ್ದು ಮನೆಮಾತಿನ ಮಕ್ಕಳು, ನಮ್ಮ ಕನ್ನಡದ ಮಕ್ಕಳು, ಎಲ್ಲರೂ ಒಂದೇ ಗಳಿಗೆಯಲ್ಲಿ ನಗುವುದನ್ನು ನಾನು ಕಂಡದ್ದು ಈ ಬೆಕ್ಕಿನ ಮುಂದೆಯೇ. ಭರತಮುನಿಯು ಹೇಳಿದ ಆಂಗಿಕಾಭಿನಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಬೆಕ್ಕು ಇಲಿಗಳ ಕಥೆ ನಮಗೇನೂ ಹೊಸದಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮರು ಧರ್ಮರಾಯನಿಗೆ ಪಲಿತನೆಂಬ ಇಲಿಯ ಮತ್ತು ಲೋಮಶನೆಂಬ ಬೆಕ್ಕಿನ ಕಥೆಯನ್ನು ಹೇಳುತ್ತಾರೆ. ಬೆಕ್ಕು ಬೇಡನ ಬಲೆಯಲ್ಲಿ ಸಿಲುಕಿದೆ. ಇಲಿಗೆ ಒಂದು ಕಡೆ ಮುಂಗುಸಿ, ಇನ್ನೊಂದು ಕಡೆ ಗೂಬೆ. ಇಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಇಲಿ ಬೆಕ್ಕಿನ ಮಗ್ಗುಲಲ್ಲಿ ಆಶ್ರಯ ಪಡೆದು, ಬಲೆಯನ್ನು ಮಾತ್ರ ಅವಸರದಿಂದ ಕಡಿಯದೆ, ಬೇಡನು ಹತ್ತಿರ ಬಂದ ಮೇಲೆಯೇ ಕೊನೆಯ ಎಳೆಯನ್ನು ಕಡಿಯುತ್ತದೆ. ಮುಂದೆ ಬೆಕ್ಕು ಸ್ನೇಹಕ್ಕೆ ಕರೆದರೂ ಬಿಲದಿಂದ ಹೊರಬರುವುದಿಲ್ಲ. ಮಠದಲ್ಲಿ ಇದನ್ನು ಓದಿದ ನನಗೆ 1943ರ 'ಲೋನ್‌ಸಮ್ ಮೌಸ್' ಎಂಬ ಕಂತನ್ನು ನೋಡಿದಾಗ ಪಲಿತನು ನೆನಪಾದನು. ಅದರಲ್ಲಿ ಜೆರಿ ಉಪಾಯದಿಂದ ಟಾಮನನ್ನು ಮನೆಯಿಂದ ಹೊರಹಾಕಿಸುತ್ತದೆ. ಮೊದಲು ಸಂಭ್ರಮ, ಆಮೇಲೆ ಬೇಸರ. ಬೆನ್ನಟ್ಟುವವನಿಲ್ಲದೆ ಅದಕ್ಕೆ ಹೊತ್ತೇ ಹೋಗುವುದಿಲ್ಲ. ಕಡೆಗೆ ತಾನೇ ಹಂಚಿಕೆ ಹೂಡಿ ಬೆಕ್ಕನ್ನು ಮರಳಿ ಕರೆತರುತ್ತದೆ. ಭೀಷ್ಮರ ಇಲಿಗೆ ಪ್ರಾಣದ ಚಿಂತೆ, ಈ ಇಲಿಗೆ ಒಂಟಿತನದ ಚಿಂತೆ. ರಾಜನೀತಿಯಲ್ಲಿ ಪಲಿತನೇ ಜಾಣನು. ಮನೆ ನಡೆಸುವವರಿಗೆ ಜೆರಿಯ ಬುದ್ಧಿಯೂ ಸ್ವಲ್ಪ ಬೇಕೆಂದು ನನ್ನ ಅಭಿಮತ.

ಎಲ್ಲ ಕಂತುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು 1949ರ 'ಹೆವನ್ಲಿ ಪುಸ್' ಎಂಬುದಕ್ಕೆ. ಟಾಮನು ಇಲಿಯ ಬೆನ್ನುಹತ್ತಿ ಮೆಟ್ಟಿಲಿನ ಮೇಲಿನ ಜಮಖಾನೆಯನ್ನು ಎಳೆಯುತ್ತಾನೆ. ಮೇಲಿದ್ದ ಪಿಯಾನೋ ವಾದ್ಯ ಉರುಳಿ ಬಂದು ಅವನನ್ನು ಅಪ್ಪಚ್ಚಿ ಮಾಡುತ್ತದೆ. ಅವನ ಆತ್ಮ ಬಂಗಾರದ ಮೆಟ್ಟಿಲನ್ನೇರಿ ಮುಗಿಲಿನಲ್ಲಿರುವ ಒಂದು ರೈಲು ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿ ಕನ್ನಡಕ ಹಾಕಿದ ಮುದಿಬೆಕ್ಕೊಂದು ನಮ್ಮ ಚಿತ್ರಗುಪ್ತನಂತೆ ಲೆಕ್ಕದ ಪುಸ್ತಕವನ್ನಿಟ್ಟುಕೊಂಡು ಕುಳಿತಿದೆ. ಸ್ವರ್ಗದ ರೈಲು ಹತ್ತಲು ಬಂದ ಬೆಕ್ಕುಗಳು ಸಾಲಾಗಿ ನಿಂತಿವೆ. ನಾಯಿಯೊಡನೆ ಕಾದಾಡಿ ಸತ್ತದ್ದು ಒಂದು, ರಸ್ತೆ ಸಮಮಾಡುವ ರೋಲರಿನಡಿ ಸಿಕ್ಕು ಹಾಳೆಯಂತಾದದ್ದು ಮತ್ತೊಂದು. ನೋಡುವವರು ನಗುತ್ತಿರುವಾಗಲೇ ನೀರು ತೊಟ್ಟಿಕ್ಕುವ ಚೀಲವೊಂದು ತಾನೇ ಕುಪ್ಪಳಿಸುತ್ತ ಬರುತ್ತದೆ. ಅದರಿಂದ ಮೂರು ಪುಟ್ಟ ಮರಿಗಳು ಹೊರಬಂದು ಒಳಗೆ ಓಡುತ್ತವೆ. ಮುದಿಬೆಕ್ಕು ಮರುಗಿ ನಿಟ್ಟುಸಿರು ಬಿಡುತ್ತದೆ. ಅಷ್ಟೇ, ಮುಂದಿನ ಹೆಸರನ್ನು ಕೂಗುತ್ತದೆ.

ಈ ದೃಶ್ಯದಲ್ಲಿ ನನ್ನ ಮೊಮ್ಮಗಳು ನಗು ನಿಲ್ಲಿಸಿ, "ತಾತಾ, ಅವನ್ನ ಚೀಲದಾಗ ಯಾರು ಹಾಕಿದ್ರು?" ಎಂದು ಕೇಳಿದಳು. ಹೆಚ್ಚಾದ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರುವ ಪದ್ಧತಿ ನಮ್ಮ ಹಳ್ಳಿಗಳಲ್ಲೂ ಇದೆ. ಕಾಲುವೆಗೆ ಎಸೆದವರೂ ಉಂಟು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ವರ್ಷ ನಮ್ಮ ಅಟ್ಟದಲ್ಲಿ ಈದ ಬೆಕ್ಕಿನ ನಾಲ್ಕು ಮರಿಗಳೂ ನಮ್ಮ ಮನೆಯಲ್ಲೇ ಬೆಳೆದವು. ಹಾಲಿನ ಖರ್ಚನ್ನು ಮಾತ್ರ ಯಾರೂ ಕೇಳಬಾರದು.

ಕಥೆಗೆ ಬರೋಣ. ಟಾಮನ ಸರದಿ ಬಂದಾಗ, ಪಾಪದ ಇಲಿಯನ್ನು ಜೀವಮಾನವೆಲ್ಲ ಪೀಡಿಸಿದವನಿಗೆ ಇಲ್ಲಿ ಎಡೆಯಿಲ್ಲವೆಂಬ ತೀರ್ಪು ಹೊರಡುತ್ತದೆ. ಒಂದು ತಾಸಿನ ಗಡುವು ಕೊಟ್ಟು, ಇಲಿಯಿಂದಲೇ ಕ್ಷಮಾಪತ್ರಕ್ಕೆ ಸಹಿ ಮಾಡಿಸಿಕೊಂಡು ಬಾ, ಇಲ್ಲದಿದ್ದರೆ ಕೆಳಗೆ ಕುದಿಯುವ ಕೊಪ್ಪರಿಗೆ ಸಿದ್ಧವಿದೆ ಎನ್ನಲಾಗುತ್ತದೆ. ಟಾಮನು ಲಂಚ ಕೊಡುತ್ತಾನೆ, ಇಲಿಯ ಸಹಿಯನ್ನು ತಾನೇ ಗೀಚಲು ನೋಡುತ್ತಾನೆ, ಹೆದರಿಸುತ್ತಾನೆ. ಯಾವುದೂ ನಡೆಯುವುದಿಲ್ಲ. ಕೊನೆಗೆ ಕಾಲಿಗೆ ಬಿದ್ದು ಬೇಡಿದಾಗ ಇಲಿ ಸಹಿ ಹಾಕುತ್ತದೆ. ಆದರೆ ಅಷ್ಟರಲ್ಲಿ ಗಡುವು ಮೀರಿರುತ್ತದೆ.

ಇಲ್ಲಿ ನಾನು ಮೆಚ್ಚುವ ಸೂಕ್ಷ್ಮವೊಂದಿದೆ. ಕ್ಷಮಿಸುವ ಅಧಿಕಾರ ಆ ಚಿತ್ರಗುಪ್ತನಿಗೂ ಇಲ್ಲ. ಪೆಟ್ಟು ತಿಂದವನಿಗೆ ಮಾತ್ರ ಇದೆ. ತಪ್ಪು ಮಾಡಿದ್ದು ನೆರೆಯವನಿಗೆ, ಕಾಯಿ ಒಡೆಸುವುದು ದೇವರಿಗೆ ಎಂಬಂತೆ ನಡೆಯುವವರನ್ನು ನಾನು ದಿನವೂ ಕಾಣುತ್ತೇನೆ. ಅವರಿಗೆ ಈ ಎಂಟು ನಿಮಿಷಗಳನ್ನು ತೋರಿಸಬೇಕೆನಿಸುತ್ತದೆ. ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆಯಷ್ಟೆ. ಚಿನ್ನದ ಗಣಿಗಳನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು 1915ರಲ್ಲಿ ಅದನ್ನು ಕಂಡನು. ಅಶೋಕನೆಂಬ ಹೆಸರು ಅದರಲ್ಲಿ ಇರುವುದರಿಂದ ಲೋಕವೆಲ್ಲ ಅದನ್ನು ಬಲ್ಲದು. ಆದರೆ ಆ ಶಾಸನ ಹೇಳುವುದೇನೆಂದು ಕೇಳಿದರೆ ಮಸ್ಕಿಯವರಲ್ಲೇ ಅನೇಕರು ಸುಮ್ಮನಾಗುತ್ತಾರೆ. ಧರ್ಮಕ್ಕೆ ಮನಸ್ಸು ಕೊಟ್ಟವನು ಸಣ್ಣವನಾದರೂ ಆ ಗುರಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಸಲ್ಲತಕ್ಕದ್ದೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಮೂರು ವರ್ಷಗಳ ಹಿಂದೆ ಮಸ್ಕಿಯ ಪ್ರವಚನದಲ್ಲಿ ಈ ಶಾಸನವನ್ನು ವಿವರಿಸುತ್ತ ಟಾಮನ ಕಥೆಯನ್ನೂ ಹೇಳಿದೆ. ಹಿರಿಯರೊಬ್ಬರು ಎದ್ದು ನಿಂತು, "ಅಯ್ಯನವರೆ, ಅಶೋಕನ ಪಕ್ಕಕ್ಕ ಬೆಕ್ಕನ್ನ ಕುಂದ್ರಿಸೋದು ಸರಿಯೇನ್ರಿ?" ಎಂದರು. ಸಣ್ಣವರಿಗೂ ಎಡೆಯುಂಟೆಂದು ಅಶೋಕನೇ ಬರೆಸಿದ್ದಾನಲ್ಲ ಎಂದೆ. ಅವರು ನಕ್ಕರಾದರೂ ಒಪ್ಪಲಿಲ್ಲ. ಇಂದಿಗೂ ಒಪ್ಪಿಲ್ಲ.

1948ರ 'ಟ್ರೂಸ್ ಹರ್ಟ್ಸ್' ಇನ್ನೊಂದು ಬಗೆಯದು. ನಾಯಿ, ಬೆಕ್ಕು, ಇಲಿ ಮೂರೂ ಹೊಡೆದಾಡಿ ದಣಿದು ಶಾಂತಿಯ ಕರಾರಿಗೆ ಸಹಿ ಹಾಕುತ್ತವೆ. ಒಂದೇ ಹಾಸಿಗೆಯಲ್ಲಿ ಮಲಗುತ್ತವೆ, ಒಟ್ಟಿಗೆ ಉಣ್ಣುತ್ತವೆ. ಬೀದಿಯವರು ಬೆರಗಾಗಿ ನೋಡುತ್ತಾರೆ. ಅಷ್ಟರಲ್ಲಿ ದೊಡ್ಡದೊಂದು ಮಾಂಸದ ತುಂಡು ಅವುಗಳ ಪಾಲಿಗೆ ಬರುತ್ತದೆ. ಹಂಚುವಾಗ ಪ್ರತಿಯೊಂದಕ್ಕೂ ತನ್ನ ಪಾಲೇ ದೊಡ್ಡದಿರಬೇಕು. ಜಗಳದಲ್ಲಿ ತುಂಡು ಚರಂಡಿಗೆ ಬೀಳುತ್ತದೆ, ಕರಾರುಪತ್ರ ಹರಿಯುತ್ತದೆ. ಮಾಂಸದ ಮಾತು ಬಂದಿತೆಂದು ಓದುಗರು ಮೂಗು ಮುರಿಯಬೇಕಿಲ್ಲ. ಅದರ ಜಾಗದಲ್ಲಿ ಎರಡೆಕರೆ ಗದ್ದೆಯನ್ನಿಟ್ಟು ನೋಡಿರಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರ ನೀರಿನ ವ್ಯಾಜ್ಯವನ್ನು ಬಗೆಹರಿಸಲು ನನ್ನನ್ನು ಎರಡು ಸಲ ಕರೆದಿದ್ದರು. ಒಬ್ಬನ ಗದ್ದೆ ಮೇಲೆ, ಇನ್ನೊಬ್ಬನದು ಕೆಳಗೆ. ರಾತ್ರಿಯ ಸರದಿಯಲ್ಲಿ ಅಣ್ಣನು ತೂಬು ಮುಚ್ಚಿದನೆಂದು ತಮ್ಮನ ದೂರು. ಬಾಂಡ್ ಪೇಪರಿನ ಮೇಲೆ ಬರೆಸಿದೆವು, ಊರ ಹಿರಿಯರು ಸಹಿ ಹಾಕಿದರು, ಇಬ್ಬರೂ ನನ್ನ ಎದುರಿಗೇ ಒಂದೇ ತಟ್ಟೆಯಲ್ಲಿ ಉಂಡರು. ನೀರು ಹೇರಳವಾಗಿದ್ದ ವರ್ಷ ಅವರಷ್ಟು ಪ್ರೀತಿಯ ಅಣ್ಣತಮ್ಮಂದಿರನ್ನು ಎಲ್ಲಿಯೂ ಕಾಣೆ. ಮುಂದಿನ ಬೇಸಿಗೆ ಬೆಳೆಗೆ ನೀರು ಸಾಲದಾಯಿತು, ಬಾಂಡು ಹರಿಯಿತು. ಆ ಕಂತನ್ನು ರಚಿಸಿದವರು ನಮ್ಮ ಕಾಲುವೆಯನ್ನು ಕಂಡವರಲ್ಲ, ಆದರೂ ಕಂಡಂತೆಯೇ ಚಿತ್ರಿಸಿದ್ದಾರೆ. ದ್ವೇಷದಿಂದ ಮುರಿಯುವ ಒಪ್ಪಂದಗಳಿಗಿಂತ ಅಳತೆಯಿಂದ ಮುರಿಯುವವೇ ಹೆಚ್ಚು. ಎರಡನೆಯ ಸಲ ನಾವು ಪ್ರೀತಿ ವಿಶ್ವಾಸಗಳ ಮಾತನ್ನೇ ಬರೆಸಲಿಲ್ಲ. ತೂಬಿನ ಗಂಟೆ ಮಿನಿಟುಗಳನ್ನಷ್ಟೇ ಬರೆಸಿದೆವು. ಅದು ಈವರೆಗೆ ನಿಂತಿದೆ.

'ಮಿಲಿಯನ್ ಡಾಲರ್ ಕ್ಯಾಟ್' ಎಂಬ 1944ರ ಕಂತಿನ ಬಗ್ಗೆ ನನಗೂ ಮೊಮ್ಮಗನಿಗೂ ಇನ್ನೂ ವಾದ ಮುಗಿದಿಲ್ಲ. ಟಾಮನಿಗೆ ಹತ್ತು ಲಕ್ಷ ಡಾಲರುಗಳ ಆಸ್ತಿ ಬರುತ್ತದೆ. ಯಾವ ಜೀವಿಯನ್ನೂ, ಇಲಿಯನ್ನು ಕೂಡ, ನೋಯಿಸಬಾರದೆಂಬ ಷರತ್ತು ಅದಕ್ಕುಂಟು. ಇದನ್ನು ತಿಳಿದ ಜೆರಿ ಅವನ ಊಟವನ್ನೂ ಹಾಸಿಗೆಯನ್ನೂ ಕಸಿದುಕೊಂಡು ಸತಾಯಿಸುತ್ತದೆ. ಕೊನೆಗೆ ಟಾಮನು ಸಹನೆಗೆಟ್ಟು ಆಸ್ತಿಯನ್ನೇ ಬಿಟ್ಟುಕೊಟ್ಟು ಇಲಿಯನ್ನು ಬಡಿಯುತ್ತಾನೆ. ಹಣ ಹೋದರೂ ಸಂತೋಷವಾಗಿದ್ದೇನೆ ಎನ್ನುತ್ತಾನೆ. ಮೊಮ್ಮಗನ ಪ್ರಕಾರ ಟಾಮನು ಗೆದ್ದನು. ಹಣಕ್ಕಾಗಿ ಪಾಲಿಸಿದ ಅಹಿಂಸೆ ಅಹಿಂಸೆಯೇ ಅಲ್ಲವೆಂಬುದು ನನ್ನ ವಾದ; ಆದ್ದರಿಂದ ಅವನು ಕಳೆದುಕೊಂಡದ್ದೂ ಏನಿಲ್ಲ, ಗಳಿಸಿದ್ದೂ ಏನಿಲ್ಲ. "ತಾತಾ, ಇಲಿದೂ ತಪ್ಪೈತಲ್ಲ?" ಎಂದು ಅವನು ಕೇಳುತ್ತಾನೆ. ತಪ್ಪಿದೆ. ಜೆರಿ ಸಾಧುಪ್ರಾಣಿಯೆಂಬ ಭ್ರಮೆ ನನಗೂ ಇಲ್ಲ.

1947ರ 'ಕ್ಯಾಟ್ ಕನ್ಸರ್ಟೊ' ಕೇವಲ ಆನಂದಕ್ಕಾಗಿ. ಟಾಮನು ಕಪ್ಪು ಕೋಟು ತೊಟ್ಟು ಗಂಭೀರವಾಗಿ ಪಿಯಾನೋ ನುಡಿಸುತ್ತಾನೆ. ಹಂಗೆರಿಯ ಲಿಸ್ಟ್ ಎಂಬ ಸಂಗೀತಗಾರನ ಪ್ರಸಿದ್ಧ ಕೃತಿಯದು. ವಾದ್ಯದೊಳಗೆ ಮಲಗಿದ್ದ ಇಲಿ ಎಚ್ಚತ್ತು ಕಾಟ ಕೊಡುತ್ತದೆ. ಎಷ್ಟು ಕಾಟ ಕೊಟ್ಟರೂ ಟಾಮನು ನುಡಿಸುವುದನ್ನು ನಿಲ್ಲಿಸುವುದಿಲ್ಲ. ಕೊನೆಗೆ ಚಪ್ಪಾಳೆ ಇಲಿಗೆ. ನಾನು ಓದಿದ ಮಠದಲ್ಲಿ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿದಿತ್ತು. ಭಜನೆಯ ನಡುವೆ ಗಾಳಿ ಸೋರಿ ಅದು ನರಳತೊಡಗಿದರೂ ನಮ್ಮ ಗವಾಯಿಗಳು ಮುಖದ ಒಂದು ಗೆರೆಯನ್ನೂ ಕದಲಿಸದೆ ಮಂಗಳದವರೆಗೆ ನುಡಿಸಿದರು. ಟಾಮನ ಮುಖದಲ್ಲಿ ಅವರ ಗಾಂಭೀರ್ಯವನ್ನೇ ಕಾಣುತ್ತೇನೆ.

ಅಭಿಮಾನಿಯೆಂದ ಮಾತ್ರಕ್ಕೆ ದೋಷಗಳನ್ನು ಮುಚ್ಚಿಡಲಾರೆ. ಹಳೆಯ ಕಂತುಗಳಲ್ಲಿ ಮನೆಗೆಲಸದ ಕರಿಯ ಹೆಂಗಸೊಬ್ಬಳು ಬರುತ್ತಾಳೆ. ಅವಳ ಮುಖವನ್ನು ತೋರಿಸುವುದೇ ಅಪರೂಪ, ಕಾಲುಗಳಷ್ಟೇ ಕಾಣುತ್ತವೆ. ಮಸಿ ಬಳಿದ ಮುಖವನ್ನು ತೋರಿಸಿ ನಗಿಸುವ ದೃಶ್ಯಗಳೂ ಉಂಟು. ಮುಂದೆ ದೂರದರ್ಶನಕ್ಕಾಗಿ ಅಂಥ ಕೆಲವನ್ನು ತೆಗೆದರು, ಕೆಲವಕ್ಕೆ ಬೇರೆ ಧ್ವನಿ ಕೊಟ್ಟರು. ಬಣ್ಣದಿಂದ ಮನುಷ್ಯರನ್ನು ಅಳೆಯುವ ರೋಗ ಅವರದು, ಹುಟ್ಟಿನಿಂದ ಅಳೆಯುವ ರೋಗ ನಮ್ಮದು. ಮಕ್ಕಳು ಅಲ್ಲಿ ನಕ್ಕರೆ ಅದು ಏಕೆ ನಗುವಲ್ಲವೆಂದು ನಾನು ತಿಳಿಸಿ ಹೇಳುತ್ತೇನೆ. 1961 ಮತ್ತು 62ರಲ್ಲಿ ಜೀನ್ ಡೈಚ್ ಎಂಬವನು ಪ್ರಾಗ್ ನಗರದಲ್ಲಿ ಮಾಡಿದ 13 ಚಿತ್ರಗಳು ನನಗೆ ರುಚಿಸಲಿಲ್ಲ; ಆಮೇಲೆ ಚಕ್ ಜೋನ್ಸ್ ಮಾಡಿದ 34ರಲ್ಲಿ ಚಿತ್ರದ ಚೆಲುವಿದೆ, ಜೀವ ಕಡಿಮೆ. 1992ರ ದೊಡ್ಡ ಚಲನಚಿತ್ರದಲ್ಲಂತೂ ಬೆಕ್ಕು ಇಲಿಗಳು ಉದ್ದಕ್ಕೂ ಮಾತಾಡುತ್ತವೆ, ಹಾಡುತ್ತವೆ. ಮೌನವ್ರತಿಗಳು ಹರಟೆಗೆ ಕುಳಿತಂತೆ.

ನಮ್ಮ ಮಕ್ಕಳಿಗೆ ನಮ್ಮದೇ ಆದ ಛೋಟಾ ಭೀಮನಿದ್ದಾನಲ್ಲ ಎಂದು ಕೇಳುವವರಿದ್ದಾರೆ. 2008ರಿಂದ ಪೋಗೋ ವಾಹಿನಿಯಲ್ಲಿ ಬಂದ ಅವನನ್ನು ಸೃಷ್ಟಿಸಿದವರು ಹೈದರಾಬಾದಿನ ರಾಜೀವ್ ಚಿಲಕ ಮತ್ತು ಅವರ ಗ್ರೀನ್ ಗೋಲ್ಡ್ ಸಂಸ್ಥೆಯವರು. ಒಂದು ಕಾಲದಲ್ಲಿ ಹೈದರಾಬಾದೇ ನಮ್ಮ ರಾಜಧಾನಿಯಾಗಿದ್ದುದರಿಂದ ನನಗೂ ಅಭಿಮಾನವಿದೆ. ಢೋಲಕಪುರದ ಭೀಮನು ಸ್ನೇಹಿತರಿಗಾಗಿ ಹೋರಾಡುವ ಒಳ್ಳೆಯ ಹುಡುಗ. ಆದರೆ ಲಾಡು ತಿಂದೊಡನೆ ಬಲ ಬರುತ್ತದೆ, ಬಲ ಬಂದೊಡನೆ ಗೆಲುವು ಬರುತ್ತದೆ. ಮೊದಲ ನಿಮಿಷದಲ್ಲೇ ಕೊನೆ ತಿಳಿದುಹೋಗುತ್ತದೆ. ಟಾಮನಿಗೆ ಗೆಲುವಿನ ಭರವಸೆಯಿಲ್ಲ, ಆದರೂ ಅವನು ಮರುದಿನ ಎದ್ದು ಬರುತ್ತಾನೆ.

ಇಲ್ಲಿ 1956ರ 'ಬ್ಲೂ ಕ್ಯಾಟ್ ಬ್ಲೂಸ್' ಎಂಬ ಕಂತಿನ ಮಾತನ್ನು ಹೇಳಲೇಬೇಕು. ಟಾಮನು ಬಿಳಿಯ ಬೆಕ್ಕೊಂದನ್ನು ಪ್ರೀತಿಸುತ್ತಾನೆ. ಸಿರಿವಂತ ಬೆಕ್ಕೊಂದು ಅಡ್ಡ ಬರುತ್ತದೆ. ಟಾಮನು ಚಿಕ್ಕದೊಂದು ಉಂಗುರಕ್ಕಾಗಿ, ಹಳೆಯದೊಂದು ಕಾರಿಗಾಗಿ ತನ್ನ ಮುಂದಿನ ದುಡಿಮೆಯನ್ನೆಲ್ಲ ಒತ್ತೆಯಿಟ್ಟು ಸಾಲ ಮಾಡುತ್ತಾನೆ. ಆದರೂ ಸೋಲುತ್ತಾನೆ. ಕೊನೆಗೆ ರೈಲು ಹಳಿಯ ಮೇಲೆ ಹೋಗಿ ಕೂರುತ್ತಾನೆ; ತನ್ನ ಪ್ರಿಯತಮೆಯೂ ಬೇರೆಯವನನ್ನು ಮದುವೆಯಾದಳೆಂದು ತಿಳಿದ ಜೆರಿಯೂ ಅವನ ಪಕ್ಕದಲ್ಲಿ ಬಂದು ಕೂರುತ್ತದೆ. ರೈಲಿನ ಕೂಗು ಹತ್ತಿರವಾಗುತ್ತದೆ, ಚಿತ್ರ ಮುಗಿಯುತ್ತದೆ. ನಮ್ಮ ಮನೆಯಲ್ಲಿ ನಾನಾಗಿಯೇ ಕೈಚಾಚಿ ನಿಲ್ಲಿಸಿದ ಕಂತು ಇದೊಂದೇ. ಕಲೆಯಲ್ಲಿ ಅದು ಕೀಳಲ್ಲ. ಸಾಲದ ಕಾಗದದ ಮೇಲೆ ಟಾಮನು ಹೆಬ್ಬೆಟ್ಟು ಒತ್ತುವವನಂತೆ ತಲೆತಗ್ಗಿಸಿ ನಿಲ್ಲುವುದನ್ನು ನೋಡಿದರೆ ದೊಡ್ಡವರಿಗೂ ಎದೆ ಹಿಂಡುತ್ತದೆ. ಆದರೆ ನಮ್ಮ ಭಾಗದಲ್ಲಿ ಸಾಲಕ್ಕೆ ಅಂಜಿ ಪ್ರಾಣ ಕಳೆದುಕೊಂಡವರ ಮನೆಗಳಿಗೆ ನಾನು ಶಿವಗಣಾರಾಧನೆಗೆ ಹೋಗಿ ಬರುವವನು. ಆ ಕೊನೆಯನ್ನು ಮಕ್ಕಳಿಗೆ ನಗುವಿನ ಲೆಕ್ಕದಲ್ಲಿ ತೋರಿಸಬಾರದು. ತಾಯಂದಿರು ಮೊಬೈಲು ಕೊಡುವಾಗ ಇದೊಂದನ್ನು ತಪ್ಪಿಸಲಿ. ಬೆಳೆದ ಮಕ್ಕಳು ನೋಡಿಯೇಬಿಟ್ಟರೆ, ಹಳಿಯ ಮೇಲೆ ಕುಳಿತವನನ್ನು ಎಬ್ಬಿಸಲು ಯಾರಿಗೆ ಹೇಳಬೇಕಿತ್ತೆಂದು ಅವರನ್ನು ಕೇಳಲಿ.

ಎರಡು ವರ್ಷಗಳ ಹಿಂದೆ ಅಂಥದೇ ಒಂದು ಮನೆಯಲ್ಲಿ ಶಿವಗಣಾರಾಧನೆಯಿತ್ತು. ಹೋದವನು ನಾಲ್ವತ್ತು ತುಂಬದ ರೈತ. ಅಂಗಳದಲ್ಲಿ ಪೆಂಡಾಲು, ಒಳಗೆ ಹೆಂಗಸರ ಅಳು. ಹಿತ್ತಿಲ ಬಾಗಿಲ ಬಳಿ ಅವನ ಇಬ್ಬರು ಮಕ್ಕಳು, ಎಂಟರ ಹುಡುಗ, ಐದರ ಹುಡುಗಿ, ಯಾರದೋ ಮೊಬೈಲು ಹಿಡಿದು ಕುಳಿತಿದ್ದರು. ಹುಡುಗಿ ಗಟ್ಟಿಯಾಗಿ ನಕ್ಕಳು. ಮನೆಯ ಹಿರಿಯರೊಬ್ಬರು ಹೌಹಾರಿ ಬಂದು, "ಅಪ್ಪ ಸತ್ತು ಹನ್ನೊಂದು ದಿನ ಆಗಿಲ್ಲ, ನಗ್ತೀರೇನ?" ಎಂದು ಕೈಯೆತ್ತಿದರು. ನಾನು ತಡೆದೆ. "ನೋಡ್ಲಿ ಬಿಡ್ರಿ ಗೌಡ್ರ" ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹೊರಟುಹೋದರು.

ಮಕ್ಕಳು ನೋಡುತ್ತಿದ್ದುದು 'ಲಿಟಲ್ ಆರ್ಫನ್'. ಹಸಿದ ಪುಟ್ಟ ಅನಾಥ ಇಲಿಮರಿಯೊಂದನ್ನು ಜೆರಿ ತನ್ನ ಮನೆಯಲ್ಲಿ ಇಟ್ಟುಕೊಳ್ಳುವ, ಟಾಮನು ಕಾದಾಡಿ ಸೋತು ಬಿಳಿಯ ಬಾವುಟ ಹಿಡಿಯುವ, ಕೊನೆಗೆ ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂರುವ ಕಂತು. ನಾನು ಹೊಸ್ತಿಲ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ದೊಡ್ಡವರಿಬ್ಬರೂ ಕಣ್ಣು ಮುಚ್ಚಿ ಪ್ರಾರ್ಥಿಸಿ ಕೈಯಿಕ್ಕುವಷ್ಟರಲ್ಲಿ ಇಲಿಮರಿ ಎಲ್ಲವನ್ನೂ ತಿಂದು ಮುಗಿಸಿರುತ್ತದೆ. ಹುಡುಗನು, "ಇದಕ್ಕ ಭಾಳ ಹಸಿವ್ರಿ" ಎಂದನು. "ನೀ ಉಂಡಿಯೇನಪ್ಪ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದನು. ಅಂಗಳದಲ್ಲಿ ಪಂಕ್ತಿ ಹಾಕುತ್ತಿದ್ದರು. ಇಬ್ಬರನ್ನೂ ಕರೆದೊಯ್ದು ನನ್ನ ಎಡಬಲಕ್ಕೆ ಕೂರಿಸಿಕೊಂಡೆ.